ಲಂಗರಿನ ಹಗ್ಗ ಕೈತಪ್ಪಿದ ಮೇಲೆ

ಸಕಲೇಶಪುರದ ನಮ್ಮ ತೋಟದ ಕೆರೆಯಲ್ಲಿ ಸಮುದ್ರದ ಸೆಳೆತಕ್ಕೆ ತಯಾರಾಗುತ್ತೇನೆ ಎಂದಾಗ ಜೊತೆಗೆ ಸ್ಕೂಬಾ ಡೈವ್ ಮಾಡುವ ಗೆಳೆಯರು ಯಾರೂ ಒಪ್ಪಿರಲಿಲ್ಲ. ಕಳೆದ ಜನವರಿಯಲ್ಲಿ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ, ದೋಣಿಗೆ ಮರಳಲು ಹಿಡಿದು ಏರುವ ಲಂಗರಿನ ಹಗ್ಗ ಕಾಣದೆ ಹೋದಾಗ ಅವರಲ್ಲೇ ಇಬ್ಬರು ನಾನು ಬಿಟ್ಟ ತೇಲುಗುರುತಿನ ದಾರದ ಪಕ್ಕದಲ್ಲಿ ಮೇಲೆ ಬಂದರು.

ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ಸೋತಿದ್ದೆ. ಹಗ್ಗ ಹಿಡಿಯಲೆಂದು ಸೆಳೆತಕ್ಕೆ ಎದುರಾಗಿ ಕಾಲಿನ ಫಿನ್ ಬಡಿದು ಬಡಿದು ಸಿಲಿಂಡರಿನ ಗಾಳಿ, ಏರಲು ಉಳಿಸಿಕೊಳ್ಳಬೇಕಾದ 50 ಬಾರ್‌ಗಿಂತ ಕೆಳಗಿಳಿಯಿತು. ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲೆಂದು ಏರುವಾಗ ಐದು ಮೀಟರಿನಲ್ಲಿ ನಿಲ್ಲಬೇಕಾದ ಮೂರು ನಿಮಿಷ ನಿಲ್ಲಲಾಗಲಿಲ್ಲ. ಮೇಲೆದ್ದರೆ ದೋಣಿ ಎಲ್ಲೋ ದೂರದಲ್ಲಿ; ಅಲೆಗಳ ನಡುವೆ ನಮ್ಮ ತಲೆಗಳು ಅವರಿಗೆ ಕಾಣಲಿಲ್ಲ. ಇಪ್ಪತ್ತೈದು ನಿಮಿಷವಾದರೂ ತೇಲಿರಬೇಕು. ಹಗ್ಗ ಸಿಗದಿದ್ದರೆ ಹುಡುಕುತ್ತಾ ಗಾಳಿ ಸುಡಬಾರದು, ಸೆಳೆತದ ಜೊತೆಗೇ ಸಾಗುತ್ತಾ, ದೋಣಿಯವರಿಗೆ ಕಾಣುವಂತೆ ದಾರ ಕಟ್ಟಿ ಗಾಳಿ ತುಂಬಿ ಮೇಲೆ ಬಿಡುವ ಕೊಳವೆಯಾದ ಎಸ್‌ಎಂಬಿ ಬಿಟ್ಟು ಏರಬೇಕು ಎಂದು ಅಂದೇ ನಿಶ್ಚಯಿಸಿದೆ.

ಆ ದಾರ ಸುತ್ತುವ ಮೊದಲ ರೀಲಿಗೆ 2,500 ರೂಪಾಯಿ ಕೊಟ್ಟ ನೆನಪು. ಅಭ್ಯಾಸಕ್ಕೆ ಇಳಿದ ನಮ್ಮ ಕೆರೆಯ ಆಳ ಆರು ಮೀಟರ್. ರೀಲನ್ನು ಬಿಸಿಡಿಗೆ (ತೇಲಲು ಗಾಳಿ ತುಂಬುವ ಜಾಕೆಟಿಗೆ) ಕ್ಲಿಪ್ ಮಾಡಿಕೊಂಡೇ ಕೊಳವೆಗೆ ಗಾಳಿ ತುಂಬಿದೆ; ದಾರ ಸಿಕ್ಕಿಕೊಂಡು ನನ್ನನ್ನೂ ಎಳೆದುಕೊಂಡು ಮೇಲೆ ಹೋಯಿತು. ಏರಿದಂತೆ ಎದೆಯೊಳಗಿನ ಗಾಳಿ ಹಿಗ್ಗುತ್ತದೆ; ಉಸಿರು ಬಿಡುತ್ತಿದ್ದುದರಿಂದ ಶ್ವಾಸಕೋಶ ಉಳಿಯಿತು. ಅಂದಿನಿಂದ ಮೈಗೆ ಏನನ್ನೂ ಕಟ್ಟಿಕೊಳ್ಳುವುದಿಲ್ಲ. ದಾರ ಬಿಗಿದರೆ ಕೈಬಿಡುತ್ತೇನೆ. ಹಾಗೆ ಸಮುದ್ರದ ಪಾಲಾದ ಎರಡು ಎಸ್‌ಎಂಬಿಗಳ ಬೆಲೆ ಏಳೆಂಟು ಸಾವಿರ. ಈಗ ರೀಲನ್ನೇ ಬಿಟ್ಟು 30 ಮೀಟರ್ ದಾರದ ಸರಳ ಸ್ಪೂಲ್ (ಹಿಡಿಕೆಯಿಲ್ಲದ ಉರುಳೆ) ಇಟ್ಟುಕೊಂಡಿದ್ದೇನೆ.

ಕಾಫಿ ಒಣಗಿಸುವ ಟಾರ್ಪಾಲಿನಿಂದಲೂ ಒಂದು ಕೊಳವೆ ಹೊಲಿಸಿದೆ; ಹೊಲಿಗೆಯಲ್ಲಿ ಗಾಳಿ ಸೋರಿ ನೀರಿನ ಮೇಲೆ ಮಲಗಿತು. ಸ್ಪ್ರಿಂಕ್ಲರ್ ಪಂಪಿನ ನೀರನ್ನು ಕೆರೆಗೇ ತಿರುಗಿಸಿ ಸೆಳೆತ ಹುಟ್ಟಿಸಲು ನೋಡಿದೆ. ಸೆಳೆತ ಹುಟ್ಟಲಿಲ್ಲ, ಕೆರೆಯೆಲ್ಲಾ ರಾಡಿಯಾಯಿತು. ಆದರೆ ಆ ರಾಡಿಯೇ ನನ್ನನ್ನು ತಿದ್ದಿತು. ತಳವೂ ಕಾಣದ, ದಡವೂ ಕಾಣದ ನೀರಿನಲ್ಲಿ ಆಳ ತೋರಿಸುವ ಡೈವ್ ಕಂಪ್ಯೂಟರಿನ ಅಂಕಿಯೊಂದನ್ನೇ ನಂಬಿ ಒಂದೇ ಆಳದಲ್ಲಿ ನಿಲ್ಲುವುದು ಅಲ್ಲೇ ಕೈವಶವಾಯಿತು. ದಡದಲ್ಲಿ ಅಣ್ಣನ ಮಗ ಹಗ್ಗ ಹಿಡಿದು ನಿಂತಿರುತ್ತಿದ್ದ.

ಜನವರಿಯ ಆ ದಿನ 18 ಮೀಟರಿನಿಂದ ಮೂವರೂ ಕೈಗೆಟಕುವಷ್ಟು ಹತ್ತಿರದಲ್ಲೇ ಏರಿದೆವು, ನಿಮಿಷಕ್ಕೆ ಒಂಬತ್ತು ಮೀಟರ್ ಮೀರದಂತೆ. 10 ಮೀಟರಿನಲ್ಲಿ ಕೊಳವೆಗೆ ಅರ್ಧದಷ್ಟು ಗಾಳಿ ಕೊಟ್ಟೆ. ನೀರಿನ ಒತ್ತಡ ಇಳಿದಂತೆ ಗಾಳಿ ಹಿಗ್ಗಿ, ಮೇಲೆ ತಲುಪುವಷ್ಟರಲ್ಲಿ ತಾನೇ ತುಂಬಿಕೊಂಡು ನೆಟ್ಟಗೆ ನಿಂತಿತು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಅದನ್ನು ಮಡಚುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಜೊತೆ ಇಳಿದವರಿಗೆ ತೋರಿಸುತ್ತೇನೆ. ಐದು ಮೀಟರಿನಲ್ಲಿ ಮೂರರ ಬದಲು ಐದು ನಿಮಿಷ ನಿಂತೆವು. ಕಿತ್ತಳೆ ಕೊಳವೆಯ ಹಿಂದೆ ದೂರದಿಂದ ಬರುವಂತೆ ದೋಣಿಯವರಿಗೆ ಮೊದಲೇ ಹೇಳಿದ್ದೆ. ತಲೆ ಎತ್ತಿದಾಗ ದೋಣಿ ಮೂವತ್ತು ಮಾರು ದೂರದಲ್ಲಿತ್ತು.

ಘಟ್ಟದ ಮೇಲಿನವರಿಗೆ ಏರಿಕೆ ಅಲ್ಲಿಗೇ ಮುಗಿಯುವುದಿಲ್ಲ. ಸಕಲೇಶಪುರ 900 ಮೀಟರಿಗಿಂತ ಎತ್ತರದಲ್ಲಿದೆ; ಅಲ್ಲಿ ಗಾಳಿಯ ಒತ್ತಡ ಕಡಿಮೆ, ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಎರಡು ಡೈವ್ ಮಾಡಿದ ಸಂಜೆಯೇ ಶಿರಾಡಿ ಘಾಟಿ ಹತ್ತುವುದನ್ನು ನಿಲ್ಲಿಸಿದ್ದೇನೆ. ಡೈವ್ ಮಾಡಿ ವಿಮಾನ ಹತ್ತುವವರಿಗೆ ಹೇಳುವ 18 ಗಂಟೆಯ ಕಾಯುವಿಕೆಯನ್ನೇ ಘಾಟಿಗೂ ಪಾಲಿಸುತ್ತೇನೆ. ಮುರುಡೇಶ್ವರದಲ್ಲಿ ಇನ್ನೊಂದು ರಾತ್ರಿಗೆ ಸಾವಿರದೈನೂರು ಖರ್ಚಾಗುತ್ತದೆ. ಆ ರಾತ್ರಿ ಸ್ಪೂಲನ್ನು ಸಿಹಿನೀರಿನಲ್ಲಿ ತೊಳೆದು, ದಾರ ಒಣಗಿಸಿ, ಮರುದಿನ ಹೊರಡುವ ಮೊದಲು ಮತ್ತೆ ಸುತ್ತಿಡುತ್ತೇನೆ.