ಚಳಿಗಾಲದ ಒಲೆಗೆ ಬೇಸಿಗೆಯ ಕೆಲಸ

ಕೊಡಗಿನಲ್ಲಿ ಒಲೆಯ ವರ್ಷ ಶುರುವಾಗುವುದು ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿದು ಕಪಾತಿಗೆ, ಅಂದರೆ ಗಿಡ ಸವರಲು, ಆಳು ಇಳಿದಾಗ. ಮೈ ನಡುಗತೊಡಗಿದ ಮೇಲೆ ಸೌದೆ ಹುಡುಕಿಕೊಂಡು ಹೊರಟವರಿಗೆ ಹೊಗೆ ಸಿಗುತ್ತದೆ, ಬಿಸಿ ಸಿಗುವುದಿಲ್ಲ.

ನಮ್ಮ ಮನೆ ಚೇರಂಬಾಣೆ ಕಡೆ. ಇಲ್ಲಿ ಚಳಿಗಾಲ ಒಂದಲ್ಲ, ಎರಡು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ಚಳಿ, ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಫೆಬ್ರವರಿ ತನಕ ಮಂಜಿನ ಚಳಿ. ಥರ್ಮಾಮೀಟರ್ ಕೇಳಿದರೆ ಎರಡನೆಯದೇ ಜೋರು ಎನ್ನುತ್ತದೆ. ಆದರೆ ಮನೆ ಹಾಳುಮಾಡುವುದು ಮೊದಲನೆಯದು. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಗೋಡೆ ಬೆವರುತ್ತದೆ, ಬೀರುವಿನಲ್ಲಿ ನೇತುಹಾಕಿದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಒಗೆದ ಬಟ್ಟೆ ವಾರವಾದರೂ ಮುಗ್ಗಲು ವಾಸನೆ ಬಿಡುವುದಿಲ್ಲ. ಮೈ ಕಾಯಿಸುವುದು ಆಮೇಲಿನ ಮಾತು, ಮೊದಲು ಮನೆ ಒಣಗಬೇಕು. ಕರೆಂಟು ಹೀಟರ್ ನೆಚ್ಚಿಕೊಳ್ಳೋಣ ಎಂದರೆ, ಅದು ಬೇಕಾದ ದಿನವೇ ಎಲ್ಲೋ ಮರ ಬಿದ್ದು ಲೈನ್ ಹೋಗಿರುತ್ತದೆ. 2000 ವಾಟ್ ಹೀಟರನ್ನು ಮನೆಯ ಇನ್ವರ್ಟರ್ ಎಳೆಯುವುದೂ ಇಲ್ಲ.

ನಮ್ಮಲ್ಲಿರುವುದು ಗಾಜಿನ ಬಾಗಿಲಿನ ಎರಕದ ಕಬ್ಬಿಣದ ಮುಚ್ಚಿದ ಒಲೆ. ಹಳೆಯ ತೆರೆದ ಅಗ್ಗಿಷ್ಟಿಕೆಯ ಬಾಯಲ್ಲೇ ಅದನ್ನು ಕೂರಿಸಿ, ಹೊಗೆಗೆ ಹೊಸ ಪೈಪ್ ಎಳೆಸಿದ್ದೇನೆ. ಬಂಗಲೆಗಳ ತೆರೆದ ಅಗ್ಗಿಷ್ಟಿಕೆ ನೋಡಲು ಚೆಂದ, ಫೋಟೊಕ್ಕೂ ಚೆಂದ. ಆದರೆ ಉರಿಯುವ ಸೌದೆಯ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚೇನೂ ಕೋಣೆಯಲ್ಲಿ ಉಳಿಯುವುದಿಲ್ಲ. ಉಳಿದದ್ದು ಚಿಮಣಿಯ ದಾರಿ ಹಿಡಿಯುತ್ತದೆ, ಹೋಗುವಾಗ ಪಕ್ಕದ ಕೋಣೆಗಳ ಬಿಸಿ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಒಳ್ಳೆಯ ಮುಚ್ಚಿದ ಒಲೆ 60ರಿಂದ 75 ಶೇಕಡಾ ಶಾಖವನ್ನು ಮನೆಗೇ ಕೊಡುತ್ತದೆ.

ಅಮೆರಿಕದಲ್ಲಿರುವ ನಮ್ಮ ಭಾವನ ಮನೆಯ ನೆಲಮಾಳಿಗೆಯಲ್ಲಿ ಗ್ಯಾಸ್ ಫರ್ನೇಸ್ ಇದೆ. ಫ್ಯಾನು ಬಿಸಿ ಗಾಳಿಯನ್ನು ಡಕ್ಟ್‌ಗಳಲ್ಲಿ ಕೋಣೆ ಕೋಣೆಗೂ ತಳ್ಳುತ್ತದೆ, ಒಂದರಿಂದ ಮೂರು ತಿಂಗಳಿಗೊಮ್ಮೆ ಫಿಲ್ಟರ್ ಬದಲಿಸಬೇಕು, ವರ್ಷಕ್ಕೊಮ್ಮೆ ಟೆಕ್ನೀಷಿಯನ್ ಬಂದು ತಪಾಸಣೆ ಮಾಡುತ್ತಾನೆ. ನಮ್ಮ ಒಲೆಗೆ ಫಿಲ್ಟರೂ ಇಲ್ಲ, ಟೆಕ್ನೀಷಿಯನ್ನೂ ಇಲ್ಲ. ಅವೆರಡರ ಕೆಲಸವನ್ನೂ ಒಣ ಸೌದೆಯೇ ಮಾಡಬೇಕು.

ಆಗ ತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 4 ಯೂನಿಟ್ ಕರೆಂಟಿನಷ್ಟು ಶಾಖ ಇರುತ್ತದೆ, ಹಸಿ ಸೌದೆಯಲ್ಲಿ ಅದರ ಅರ್ಧ. ನಷ್ಟ ಅಷ್ಟಕ್ಕೇ ನಿಂತರೆ ಚಿಂತೆಯಿಲ್ಲ. ನೀರು ಆವಿಯಾಗುವ ತನಕ ಬೆಂಕಿ ತಣ್ಣಗೇ ಉರಿಯುತ್ತದೆ, ತಣ್ಣಗಿನ ಬೆಂಕಿಯಲ್ಲಿ ಮರದ ಅನಿಲಗಳು ಸುಡದೆ ಹೊಗೆಯಾಗಿ ಹೊರಡುತ್ತವೆ. ಅದರಲ್ಲಿ ಒಂದಷ್ಟು ಪೈಪಿನಲ್ಲಿ ಡಾಂಬರಾಗಿ ಕೂರುತ್ತದೆ, ಇನ್ನೊಂದಷ್ಟು ಬಾಗಿಲು ತೆಗೆದಾಗಲೆಲ್ಲ ಮನೆಯ ಹಾಲ್‌ಗೆ ಬಂದು ನಮ್ಮ ಶ್ವಾಸಕೋಶ ಸೇರುತ್ತದೆ. ಸೌದೆಯ ತೇವ 20 ಶೇಕಡಾಕ್ಕಿಂತ ಕೆಳಗಿದ್ದರೆ ಈ ತಾಪತ್ರಯದ ಬಹುಪಾಲು ಹುಟ್ಟುವುದೇ ಇಲ್ಲ.

ಅದಕ್ಕೇ ಫೆಬ್ರವರಿ, ಮಾರ್ಚ್‌ನಲ್ಲೇ ಸೌದೆ ಸೀಳಿಸುತ್ತೇನೆ. ಸೀಳದ ದಿಮ್ಮಿ ಎಷ್ಟು ದಿನ ಬಿಸಿಲಿಗೆ ಬಿದ್ದಿದ್ದರೂ ತೊಗಟೆಯೊಳಗೆ ನೀರು ಹಿಡಿದುಕೊಂಡೇ ಇರುತ್ತದೆ. ನಮಗೆ ಸಿಗುವುದು ಮುಖ್ಯವಾಗಿ ಎರಡು: ಮರಗಸಿಯಲ್ಲಿ, ಅಂದರೆ ನೆರಳು ಮರ ಸವರುವಾಗ, ಇಳಿದ ಸಿಲ್ವರ್ ಓಕ್ ಕೊಂಬೆ, ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಕಾಂಡ. ಸಿಲ್ವರ್ ಓಕ್ ಬೇಗ ಹತ್ತಿಕೊಳ್ಳುತ್ತದೆ, ಬೇಗ ಮುಗಿಯುತ್ತದೆ. ಕಾಫಿ ಕಾಂಡ ಗಟ್ಟಿ. ಹತ್ತಿಕೊಳ್ಳಲು ಸತಾಯಿಸಿದರೂ ಒಮ್ಮೆ ಕೆಂಡವಾದರೆ ಬೆಳಗಿನ ಜಾವದ ತನಕ ಕಾವು ಹಿಡಿದಿಡುತ್ತದೆ. ಸಂಜೆ ಸಿಲ್ವರ್ ಓಕ್‌ನಲ್ಲಿ ಒಲೆ ಎಬ್ಬಿಸಿ, ರಾತ್ರಿಗೆ ಕಾಫಿ ಕಾಂಡಕ್ಕೆ ಒಪ್ಪಿಸುವುದು ನನ್ನ ಕ್ರಮ. ಸೊನೆ ತಗುಲಿದರೆ ಮೈಮೇಲೆ ಗುಳ್ಳೆ ಏಳಿಸುವ ಹೊಲಗೇರಿನಂಥ ಮರ ಮನೆಯೊಳಗಿನ ಒಲೆಗೆ ಬೇಡವೇ ಬೇಡ. ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡು, ಗೊಬ್ಬರದ ಚೀಲ ಕೂಡ ಹಾಗೆಯೇ.

ಅರೇಬಿಕಾ ಕಾಫಿ ಇರುವವರಿಗೆ ಇನ್ನೊಂದು ಮಾತು. ಬಿಳಿ ಕಾಂಡ ಕೊರಕ ಹುಳು ಹೊಕ್ಕ ಗಿಡಗಳನ್ನು ಕಿತ್ತು, ಸೌದೆ ಆಯಿತಲ್ಲ ಎಂದು ರಾಶಿ ಒಟ್ಟಬೇಡಿ. ಒಳಗಿನ ಹುಳು ಜೀರುಂಡೆಯಾಗಿ ಏಪ್ರಿಲ್-ಮೇನಲ್ಲೋ ಅಕ್ಟೋಬರ್ ನಂತರವೋ ಹೊರಗೆ ಹಾರಿ ನಿಮ್ಮದೇ ತೋಟಕ್ಕೆ ಮರಳುತ್ತದೆ. ಅಂಥ ಕಾಂಡವನ್ನು ಕಿತ್ತ ಕೂಡಲೇ ಸುಡಬೇಕು. ಸೌದೆಗೆ ಬೇಕೇ ಬೇಕು ಎಂದರೆ ಮೊದಲು ಕೆರೆಯಲ್ಲೋ ತೊಟ್ಟಿಯಲ್ಲೋ ಪೂರ್ತಿ ಮುಳುಗಿಸಿಟ್ಟು ಹುಳ ಸಾಯಿಸಿ, ಆಮೇಲೆ ಒಣಗಿಸಬೇಕು. ನಾನು ಅಂಥದ್ದನ್ನೆಲ್ಲ ಬಚ್ಚಲ ಹಂಡೆ ಒಲೆಗೆ ಕಳಿಸುತ್ತೇನೆ. ಅದು ಹಿತ್ತಲಲ್ಲಿದೆ, ಹೊಗೆಯಾದರೂ ಮನೆಗೆ ಬರುವುದಿಲ್ಲ.

ಬೇಸಿಗೆಯಲ್ಲಿ ಒಣಗಿಸಿದ್ದು ಜುಲೈ ತನಕ ಒಣಗಿಯೇ ಇರಬೇಕಲ್ಲ, ನಮ್ಮ ಕಡೆಯ ಕಷ್ಟ ಇದು. ಸೌದೆ ಗಾಳಿಯಿಂದಲೂ ನೀರು ಕುಡಿಯುತ್ತದೆ. ಗಾಳಿಯ ತೇವಾಂಶ 90 ಶೇಕಡಾ ಆಸುಪಾಸಿನಲ್ಲಿ ವಾರಗಟ್ಟಲೆ ನಿಂತರೆ, ಚೆನ್ನಾಗಿ ಒಣಗಿದ ಸೌದೆಯ ತೇವವೂ ಮೆಲ್ಲಗೆ ಏರಿ 20ರ ಹತ್ತಿರ ಬಂದು ಕೂರುತ್ತದೆ. ಟಾರ್ಪಾಲು ಹೊದಿಸಿದರೆ ಮಳೆ ತಡೆಯಬಹುದು, ಗಾಳಿಯ ತೇವ ತಡೆಯಲಾಗದು. ಹಳೆಯ ಮನೆಗಳಲ್ಲಿ ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಒಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ. ನಾನು ಮಾಡಿದ್ದು ಅದರದ್ದೇ ಸಣ್ಣ ರೂಪ. ದೊಡ್ಡ ರಾಶಿ ಶೆಡ್ಡಿನಲ್ಲಿ, ನೆಲದಿಂದ ಎತ್ತರಿಸಿದ ಹಲಗೆಗಳ ಮೇಲೆ, ಮೇಲೆ ಶೀಟು, ಸುತ್ತ ಗಾಳಿಯಾಡಲು ಬಿಡುವು. ಅದರಿಂದ ಒಂದು ವಾರಕ್ಕೆ ಬೇಕಾಗುವಷ್ಟನ್ನು ಹಾಲ್‌ನಲ್ಲಿರುವ ಒಲೆಯ ಪಕ್ಕದ ಕಬ್ಬಿಣದ ರ‍್ಯಾಕಿಗೆ ತಂದಿಡುವುದು. ಒಲೆಯಿಂದ ಒಂದು ಮೀಟರ್ ದೂರ ಇರಲೇಬೇಕು. ಈ ವಾರದ ಬೆಂಕಿ ಮುಂದಿನ ವಾರದ ಸೌದೆ ಒಣಗಿಸುತ್ತದೆ.

ಒಣಗಿದೆಯೇ ಎಂದು ತಿಳಿಯಲು ಎರಡು ತುಂಡು ಬಡಿದು ನೋಡಿದರೆ ಸಾಕು ಎನ್ನುತ್ತಾರೆ. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದ್ದು ಧಪ್. ಕಿವಿ ಪಳಗಿದವರಿಗೆ ಅದು ಸಾಕು. ನಾನು ಸಣ್ಣದೊಂದು ತೇವ ಅಳೆಯುವ ಮೀಟರ್ ಇಟ್ಟುಕೊಂಡಿದ್ದೇನೆ. ಅದರ ಮುಳ್ಳುಗಳನ್ನು ತುಂಡಿನ ಹೊರಮೈಗೆ ಚುಚ್ಚಿದರೆ ಪ್ರಯೋಜನವಿಲ್ಲ. ತುಂಡನ್ನು ಸೀಳಿ, ಹೊಸದಾಗಿ ತೆರೆದ ಒಳಮೈಗೆ ಚುಚ್ಚಬೇಕು.

ಚಿಮಣಿಯ ಕೆಲಸ ಮೇ ತಿಂಗಳದ್ದು. ನಮ್ಮೂರಲ್ಲಿ ಚಿಮಣಿ ಗುಡಿಸುವ ಕಸುಬಿನವರು ಯಾರೂ ಇಲ್ಲ. ಮೆಣಸು ಕೊಯ್ಯಲು ಬರುವ ಹುಡುಗ ಹಂಚಿನ ಮಾಡು ಹತ್ತಿ ಮೇಲಿನ ಟೋಪಿ ಬಿಚ್ಚಿಕೊಡುತ್ತಾನೆ, ಬ್ರಷ್ ಎಳೆಯುವ ಕೆಲಸ ನನ್ನದು. ಒಲೆಯ ಬಾಯಿಗೆ ಒದ್ದೆ ಗೋಣಿ ಬಿಗಿದು, ಮೂಗಿಗೆ ಮಾಸ್ಕ್ ಹಾಕಿಕೊಂಡೇ ಶುರು. ಬೀಳುವ ಮಸಿಯನ್ನು ನೋಡಿದರೆ ಹಿಂದಿನ ವರ್ಷ ಒಲೆ ಹೇಗೆ ಉರಿಯಿತು ಎಂಬುದು ಗೊತ್ತಾಗುತ್ತದೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಮಸಿ ಬಿದ್ದರೆ ಚಿಂತೆಯಿಲ್ಲ. ಗರಿಗರಿ ಚಕ್ಕೆಗಳು ಉದುರಿದರೆ ಸೌದೆ ಹಸಿಯಿತ್ತು, ಇಲ್ಲವೇ ಗಾಳಿ ಕಿಂಡಿ ಮುಚ್ಚಿ ಬೆಂಕಿಯನ್ನು ಉಸಿರುಗಟ್ಟಿಸಲಾಗಿತ್ತು. ಪೈಪಿನ ಗೋಡೆಗೆ ಹೊಳೆಯುವ ಕಪ್ಪು ಪದರ ಅಂಟಿಕೊಂಡು ಬ್ರಷ್ಷಿಗೂ ಜಗ್ಗದಿದ್ದರೆ ಆ ಪೈಪಿನಲ್ಲಿ ಬೆಂಕಿ ಹಾಕಲೇಬಾರದು. ಕ್ರಿಯೋಸೋಟ್ ಎನ್ನುವ ಈ ಡಾಂಬರಿಗೆ ಒಮ್ಮೆ ಕಿಡಿ ತಾಗಿದರೆ ಚಿಮಣಿಯೊಳಗಿನ ಉರಿ 1000 ಡಿಗ್ರಿ ದಾಟಬಲ್ಲದು, ಮಾಡಿನ ಪಕಾಸು-ರೀಪು ಮರದ್ದು. ಪದರ 3 ಮಿಲಿಮೀಟರ್ ಆಯಿತೆಂದರೆ ತಿಂಗಳು ನೋಡಬೇಡಿ, ಗುಡಿಸಿ.

ಮೇ ತಿಂಗಳಲ್ಲೇ ಏಕೆ ಎಂದರೆ, ಮಸಿಗೆ ಮಳೆನೀರು ಸೇರಿದರೆ ಆಮ್ಲದ ಗುಣ ಬರುತ್ತದೆ. ಗುಡಿಸದ ಪೈಪಿಗೆ ಮೊದಲ ಮಳೆ ಓರೆಯಾಗಿ ಬಡಿದರೆ ಒಳಗಿನಿಂದಲೇ ತುಕ್ಕು ತಿನ್ನತೊಡಗುತ್ತದೆ. ಬೇಸಿಗೆಯಿಡೀ ಒಲೆ ಸುಮ್ಮನಿದ್ದಾಗ ಹಕ್ಕಿ ಗೂಡು ಕಟ್ಟಿರುವುದೂ ಉಂಟು. ಪೈಪಿನ ಎತ್ತರದ ಲೆಕ್ಕ ಸುಲಭ: ಮಾಡಿನಿಂದ ಹೊರಬಿದ್ದ ಜಾಗದಿಂದ ಕನಿಷ್ಠ 3 ಅಡಿ, ಜೊತೆಗೆ ಸುತ್ತ 10 ಅಡಿಯೊಳಗೆ ಇರುವ ಯಾವುದೇ ವಸ್ತುವಿಗಿಂತ 2 ಅಡಿ ಮೇಲೆ. ಅಷ್ಟಿಲ್ಲದಿದ್ದರೆ ಮಳೆಗಾಲದ ಗಾಳಿ ಹೊಗೆಯನ್ನು ತಿರುಗಿ ಮನೆಗೇ ನೂಕುತ್ತದೆ. ಒಂಟಿ ತಗಡಿನ ಪೈಪ್ ಮರದಿಂದ ಒಂದೂವರೆ ಅಡಿ ದೂರ ಇರಬೇಕು. ಮಾಡು ದಾಟುವಲ್ಲಿ ನಡುವೆ ಶಾಖ ತಡೆಯುವ ಖನಿಜ ಉಣ್ಣೆ (ರಾಕ್‌ವೂಲ್) ತುಂಬಿದ ಎರಡು ಪದರದ ಪೈಪೇ ಆಗಬೇಕು.

ಒಲೆಯದ್ದು ಸಣ್ಣಪುಟ್ಟ ಕೆಲಸ. ಬಾಗಿಲಿನ ಸುತ್ತ ಇರುವ ಹಗ್ಗದಂಥ ಗ್ಯಾಸ್ಕೆಟ್ ಸಡಿಲವಾಗಿದೆಯೇ ಎಂದು ನೋಡಲು ಕಾಗದದ ಚೂರು ಇಟ್ಟು ಬಾಗಿಲು ಹಾಕಿ ಎಳೆಯುತ್ತೇನೆ. ಸಲೀಸಾಗಿ ಬಂದರೆ ಆ ಜಾಗದಲ್ಲಿ ಗ್ಯಾಸ್ಕೆಟ್ ಬದಲಿಸಬೇಕು. ಗಾಜು ಉಜ್ಜಲು ಒದ್ದೆ ಪತ್ರಿಕೆಯನ್ನು ಬೂದಿಗೆ ಅದ್ದಿದರೆ ಸಾಕು. ಗಾಜು ದಿನಾ ಕಪ್ಪಾಗುತ್ತಿದ್ದರೆ ಉಜ್ಜುವುದನ್ನು ಬಿಟ್ಟು ಸೌದೆಯ ತೇವ ನೋಡಿ.

ಈಗ ಗಾಳಿಯ ವಿಷಯ. ಹೊಸ ಮನೆ ಕಟ್ಟಿದವರು ಹೆಚ್ಚು ಎಡವುವುದು ಇಲ್ಲೇ. ಚಿಮಣಿಯಲ್ಲಿ ಎಷ್ಟು ಗಾಳಿ ಮೇಲೆ ಹೋಗುತ್ತದೋ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಹಳೆಯ ಹಂಚಿನ ಮನೆಯ ಸಂದುಗೊಂದುಗಳು ಆ ಕೆಲಸ ನೋಡಿಕೊಳ್ಳುತ್ತಿದ್ದವು. ಈಗಿನ ತಾರಸಿ ಮನೆಯಲ್ಲಿ ಯುಪಿವಿಸಿ ಕಿಟಕಿ, ಬಾಗಿಲಡಿ ರಬ್ಬರ್ ಪಟ್ಟಿ. ಚಳಿ ಎಂದು ಎಲ್ಲವನ್ನೂ ಬಿಗಿದರೆ ಬೆಂಕಿಗೇ ಉಸಿರಿರುವುದಿಲ್ಲ. ನಾನು ಒಲೆಯ ಹಿಂದಿನ ಗೋಡೆಯಲ್ಲಿ, ನೆಲಕ್ಕೆ ಹತ್ತಿರ, 4 ಇಂಚಿನ ಜಿಐ ಪೈಪ್ ತೂರಿಸಿ ಹೊರಗಿನ ಗಾಳಿ ನೇರ ಒಲೆಯ ಬುಡಕ್ಕೆ ಬರುವಂತೆ ಮಾಡಿದ್ದೇನೆ. ಹೊರಬಾಯಿಗೆ ಜಾಲರಿ ಇದೆ, ಇಲಿಗಾಗಿ. ಜಿಗಣೆಗೆ ಯಾವ ಜಾಲರಿಯೂ ಲೆಕ್ಕಕ್ಕಿಲ್ಲ.

ಅಡುಗೆಮನೆಯ ಎಲೆಕ್ಟ್ರಿಕ್ ಚಿಮಣಿ ಈ ಒಲೆಯ ದಾಯಾದಿ. ಪಂದಿಕರಿ ಬೇಯುವಾಗ ಅದನ್ನು ಜೋರಾಗಿ ಹಾಕಿದರೆ ಇಡೀ ಮನೆಯ ಗಾಳಿಯನ್ನು ಅದು ಎಳೆಯುತ್ತದೆ, ಹಾಲ್‌ನ ಒಲೆಯ ಹೊಗೆ ಮೇಲೆ ಹೋಗುವ ಬದಲು ಕೆಳಗಿಳಿಯುತ್ತದೆ. ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಒಲೆ ಹೊತ್ತಿಸುವ ಮುಂಚೆ ಬಾಗಿಲು ಅರ್ಧ ತೆಗೆದು ಅದರ ಬಾಯಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ಒಳಕ್ಕೆ ಬಾಗಿ ಮೇಲೇರಿದರೆ ಸರಿ. ಅಡುಗೆಮನೆ ಚಿಮಣಿಯ ಸ್ವಿಚ್ ಒತ್ತಿಸಿ ಮತ್ತೆ ನೋಡಿ: ನಮ್ಮಲ್ಲಿ ಎಳೆ ಒಂದು ಕ್ಷಣ ತಡವರಿಸಿ, ನೆಟ್ಟಗೆ ನಿಂತು, ಆಮೇಲೆ ಕೋಣೆಯ ಕಡೆಗೇ ವಾಲಿತು. ಅಡುಗೆಮನೆ ಕಿಟಕಿ ಒಂದು ಗೇಣು ತೆಗೆದದ್ದೇ ತಡ, ಮತ್ತೆ ಒಳಕ್ಕೆ ತಿರುಗಿತು. ಅಂದಿನಿಂದ ಆ ಕಿಟಕಿ ಹಾಕಬಾರದು ಎಂಬುದು ಮನೆಯ ಕಾನೂನು.

ಚಿಮಣಿ ಇಲ್ಲದ ಗ್ಯಾಸ್ ಹೀಟರ್ ಬಗ್ಗೆ ಕೇಳುವವರಿದ್ದಾರೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಕೊಳವೆ ಇಲ್ಲದಿದ್ದರೆ ಅದೆಲ್ಲ ನಿಮ್ಮ ಗೋಡೆಗೇ. ಕೊಡಗಿನ ಮಳೆಗಾಲಕ್ಕೆ ಇದಕ್ಕಿಂತ ಕೆಟ್ಟ ಆಯ್ಕೆ ನನಗೆ ತೋಚದು.

ಇನ್ನು ಕೆಂಡ. ಒಲೆ ಆರಿದ ಮೇಲೆ ಕೆಂಡವನ್ನು ಬಾಂಡ್ಲಿಗೆ ತುಂಬಿ ಮಲಗುವ ಕೋಣೆಗೆ ಒಯ್ಯುವ ರೂಢಿ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲೂ ಇದೆ, ಹೋಂಸ್ಟೇಗಳಲ್ಲೂ ಇದೆ. ಹೊಗೆ ಇಲ್ಲವಲ್ಲ ಎಂಬ ಧೈರ್ಯ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಯಥೇಚ್ಛವಾಗಿ ಹೊರಡುವುದು ಆ ಹೊಗೆ ಇಲ್ಲದ ಕೆಂಡದಿಂದಲೇ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು ಬಂದು, ಅಂಗಳಕ್ಕೆ ಬಂದರೆ ಹಗುರಾದರೆ ಅದು ಶೀತವಲ್ಲ. ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ನಮ್ಮ ಮನೆಯಲ್ಲಿ ಹಾಲ್‌ಗೊಂದು, ಮಲಗುವ ಕೋಣೆಗೊಂದು ಈ ಅನಿಲ ಪತ್ತೆಹಚ್ಚುವ ಬ್ಯಾಟರಿ ಅಲಾರಂ ಇದೆ. ಅದರೊಳಗಿನ ಸೆನ್ಸರ್‌ಗೆ ಆಯುಷ್ಯ ಇರುತ್ತದೆ, ಹಿಂಬದಿಯಲ್ಲಿ ಮುದ್ರಿಸಿದ ವರ್ಷ ನೋಡಿ ಬದಲಿಸಬೇಕು. ಅತಿಥಿಗಳು ಕೋಣೆಗೆ ಕೆಂಡ ಕೇಳಿದರೆ ಕಂಬಳಿ ಇನ್ನೊಂದು ಕೊಡುತ್ತೇನೆ, ಬಿಸಿನೀರಿನ ಚೀಲ ಕೊಡುತ್ತೇನೆ, ಕೆಂಡ ಕೊಡುವುದಿಲ್ಲ. ಬಚ್ಚಲಿನ ಗ್ಯಾಸ್ ಗೀಸರ್‌ಗೂ ಇದೇ ಮಾತು: ಅದು ಬಚ್ಚಲ ಹೊರಗಿರಬೇಕು.

ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮುಚ್ಚಳದ ಕಬ್ಬಿಣದ ಬಕೆಟ್ಟಿಗೆ ತುಂಬಿ ಸಿಮೆಂಟು ನೆಲದ ಮೇಲೆ ಇಡುತ್ತೇನೆ, ಪೂರ್ತಿ ತಣಿದ ಮೇಲೆ ಬಾಳೆ ಬುಡಕ್ಕೆ, ತರಕಾರಿ ಮಡಿಗೆ. ನಮ್ಮ ಹುಳಿ ಮಣ್ಣಿಗೆ ಬೂದಿಯ ಸುಣ್ಣ, ಪೊಟ್ಯಾಷ್ ಎರಡೂ ಒಳ್ಳೆಯದೇ. ಯೂರಿಯಾ ಜೊತೆಗೆ ಮಾತ್ರ ಬೆರೆಸಬಾರದು, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಈ ವರ್ಷ ಉಳಿದಿರುವ ಕೆಲಸ ಒಂದೇ. ಒಲೆಯ ಮೇಲಿನ ಮೊಣಕೈ ಪೈಪ್ ಮಾಮೂಲಿ ಕಬ್ಬಿಣದ್ದು, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಒಂದು ಕಡೆ ತಗ್ಗುತ್ತಿದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಲು ಕುಶಾಲನಗರಕ್ಕೆ ಅಳತೆ ಕೊಟ್ಟಾಗಿದೆ. ಮುಂಗಾರಿಗೆ ಮುಂಚೆ ಕೂರಿಸಿ, ಊದುಬತ್ತಿ ಹಿಡಿದು ನೋಡಬೇಕು.