ಏರುವ ನಾಡಿಗಿಂತ ಇಳಿಯುವ ನಾಡಿಯ ಮೇಲೆ ನನ್ನ ಕಣ್ಣು

220ರಲ್ಲಿ ವಯಸ್ಸನ್ನು ಕಳೆದರೆ ಹೃದಯದ ಗರಿಷ್ಠ ಬಡಿತ ಸಿಗುತ್ತದೆ ಎನ್ನುವ ಲೆಕ್ಕ ಎಲ್ಲರಿಗೂ ಬಾಯಿಪಾಠ. ಸಕ್ಕರೆ ಕಾಯಿಲೆಯವನಾದ ನನಗೀಗ 54; ಲೆಕ್ಕದ ಪ್ರಕಾರ 166. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಕಾಲು ಸೋತು ನಿಲ್ಲಿಸಿದಾಗ ನನ್ನ ನಾಡಿ 136ರಲ್ಲಿತ್ತು. 166ರ ಶೇ. 85, ಅಂದರೆ 141 ಕೂಡ ದಾಟಲಿಲ್ಲ. ಇಸಿಜಿ ಸರಿಯಾಗಿಯೇ ಇತ್ತು. ಸುಮ್ಮನೆ ಕುಳಿತಾಗ ಮಾತ್ರ ನಾಡಿ 90ರ ಆಸುಪಾಸಿನಲ್ಲಿರುತ್ತಿತ್ತು.

ವೈದ್ಯರು ಮಲಗಿಸಿ, ನಿಮಿಷಕ್ಕೆ ಆರರಂತೆ ದೀರ್ಘವಾಗಿ ಉಸಿರಾಡಿಸಿದರು. ಉಸಿರೆಳೆದಾಗ ಬಡಿತ ಏರಬೇಕು, ಬಿಟ್ಟಾಗ ಇಳಿಯಬೇಕು; ಅಂತರ 15 ಅಥವಾ ಹೆಚ್ಚಿದ್ದರೆ ಸರಿ, 10ಕ್ಕೆ ಇಳಿದರೆ ದೋಷ. ನನ್ನದು 11. ಈ ಏರಿಳಿತಕ್ಕೆ ಕಾರಣವಾದ, ಹೃದಯಕ್ಕೆ ಕಡಿವಾಣ ಹಾಕುವ ವೇಗಸ್ ನರ ಉದ್ದನೆಯದು. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಸಾಮಾನ್ಯವಾಗಿ ಮೊದಲ ಪೆಟ್ಟು ಅದಕ್ಕೇ. ಕುಳಿತಾಗಲೂ ನಾಡಿ ಜೋರಾಗಿರುವುದು ಇದರಿಂದ. ಬಡಿತ ಏರಿಸುವ ನರಗಳೂ ಮುಂದೆ ಸೊರಗಿದರೆ ಮೇಲಿನ ಮಿತಿ ಕುಸಿಯುತ್ತದೆ.

ಹಾಗಿದ್ದ ಮೇಲೆ 150ಕ್ಕೆ ಏರಲೇಬೇಕೆಂದು ಕೈಗಡಿಯಾರ ನೋಡುತ್ತ ಓಡುವುದು ಶುದ್ಧ ಹುಂಬತನ. ವೈದ್ಯರ ಒಪ್ಪಿಗೆ ಪಡೆದು ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಆರಿಸಿಕೊಂಡೆ. (ಅವನ್ನು ಕಟ್ಟಿಸಿದ ದೊಡ್ಡ ದೇವರಾಜ ಒಡೆಯರು ಒಂದೊಂದು ಮೆಟ್ಟಿಲನ್ನು ಒಂದೊಂದು ಎತ್ತರಕ್ಕೆ ಏಕಿಟ್ಟರೋ, ಮಂಡಿಗಳಿಗೇ ಗೊತ್ತು.) ಹತ್ತು ನಿಮಿಷ ಸಮತಟ್ಟಿನಲ್ಲಿ ನಡೆದು ಮೈ ಬಿಸಿ ಮಾಡಿಕೊಳ್ಳುತ್ತೇನೆ. ಆಮೇಲೆ ಒಂದು ನಿಮಿಷ ಬಿರುಸು, ಎರಡು ನಿಮಿಷ ನಿಧಾನ. ಬಿರುಸಿಗೆ ಅಳತೆ ಬೋರ್ಗ್ ಮಾಪಕ: 6ರಿಂದ 20ರವರೆಗೆ ಆಯಾಸಕ್ಕೆ ನಾವೇ ಕೊಡುವ ಅಂಕ. ನಾನು 15ಕ್ಕೆ ನಿಲ್ಲಿಸುತ್ತೇನೆ. ಎರಡು ಮೂರು ಪದ ಆಡಬಹುದು, ಹರಟಲಾಗದು.

ಕೊನೆಯ ಬಿರುಸು ಮುಗಿದೊಡನೆ ಕೂರದೆ ಮೆಲ್ಲಗೆ ನಡೆಯುತ್ತ, ಮೊದಲ ನಿಮಿಷದಲ್ಲಿ ನಾಡಿ ಎಷ್ಟು ಇಳಿಯಿತೆಂದು ಬರೆದಿಡುತ್ತೇನೆ. 12ಕ್ಕಿಂತ ಹೆಚ್ಚು ಇಳಿಯುವುದು ಒಳ್ಳೆಯ ಲಕ್ಷಣ. ಆರಂಭದಲ್ಲಿ 10 ಇಳಿಯುತ್ತಿದ್ದದ್ದು ತಿಂಗಳುಗಳು ಕಳೆದಂತೆ 17ರ ಹತ್ತಿರ ಬಂತು. ಗರಿಷ್ಠ ಬಡಿತ ಹೆಚ್ಚೇನೂ ಏರಲಿಲ್ಲ, ಏರಬೇಕೆಂಬ ಹಟವೂ ನನಗಿಲ್ಲ. ಮಣಿಕಟ್ಟಿನ ಗಡಿಯಾರ ಬಿರುಸಿನಲ್ಲಿ ತಡವರಿಸುವುದರಿಂದ ನಾಡಿ ಅಳೆಯುವ ಎದೆಪಟ್ಟಿ ಕೊಂಡೆ. ಆ ಖರ್ಚು ದಂಡವಲ್ಲ.

ಬೆಟ್ಟ ಹತ್ತಿದ ಮೇಲೆ ಗ್ಲುಕೋಮೀಟರ್ ಮೊದಲಿಗಿಂತ ಹೆಚ್ಚು ತೋರಿಸಿದರೆ ಗಾಬರಿಯಾಗುವುದಿಲ್ಲ. ಬಿರುಸಿನ ಶ್ರಮಕ್ಕೆ ಅಡ್ರಿನಲಿನ್ ಏರುತ್ತದೆ, ಯಕೃತ್ತು ಸಕ್ಕರೆ ಬಿಡುತ್ತದೆ. ಕೆಲವು ಗಂಟೆಗಳಲ್ಲಿ ಅದು ಇಳಿಯುತ್ತದೆ. ನಾನು ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆ ಒಂದನ್ನೇ ನುಂಗುವವನಾದ್ದರಿಂದ ಆ ಇಳಿತ ಅಷ್ಟಾಗಿ ಕಾಡುವುದಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ರಾತ್ರಿಯವರೆಗೂ ಎಚ್ಚರದಿಂದಿರಬೇಕು. ನನ್ನ ಜೊತೆ ಹತ್ತುವ ಗೆಳೆಯ ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ನುಂಗುತ್ತಾನೆ. ಆ ಮಾತ್ರೆ ನಾಡಿಯನ್ನೂ ತಗ್ಗಿಸುತ್ತದೆ, ಸಕ್ಕರೆ ಕುಸಿದಾಗಿನ ಎದೆ ಡವಗುಟ್ಟುವಿಕೆಯನ್ನೂ ಮರೆಮಾಡುತ್ತದೆ. ಬೆವರು ಮಾತ್ರ ಬರುತ್ತದೆ. ಆದರೆ ಮೆಟ್ಟಿಲು ಹತ್ತುವವನ ಬೆವರಲ್ಲಿ ಯಾವುದು ಸಕ್ಕರೆಯದು, ಯಾವುದು ಬೆಟ್ಟದ್ದು? ಅದಕ್ಕೇ ಅವನು ನಂದಿಯ ಬಳಿ ಕೂತು ಬೆರಳು ಚುಚ್ಚಿ ನೋಡಿಕೊಂಡೇ ಮುಂದೆ ಹತ್ತುತ್ತಾನೆ.