ಫೋಲೇಟ್ ಕಣ ಗುರಿ ಮುಟ್ಟಿದ್ದು ಗೊತ್ತಾಗುವುದು ಹೇಗೆ?

ಬೆಳಗಾವಿಯ ನಮ್ಮ ಫಾರ್ಮಸಿ ಲ್ಯಾಬಿನಲ್ಲಿ ನಾನು ಪ್ಯಾಕ್ಲಿಟಾಕ್ಸೆಲ್ ತುಂಬಿದ ನ್ಯಾನೋ ಕಣ ಮಾಡುತ್ತೇನೆ. ಈ ಕ್ಯಾನ್ಸರ್ ಔಷಧ ನೀರಿನಲ್ಲಿ ಕರಗುವುದೇ ಅಪರೂಪ. ಹಳೆಯ ಇಂಜೆಕ್ಷನ್ನಿಗೆ ಹರಳೆಣ್ಣೆಯಿಂದ ತಯಾರಾದ ಕ್ರೆಮೊಫೋರ್ ಬೇಕು. ಅದರಿಂದ ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ, ಹಾಗಾಗಿ ಮೊದಲೇ ಸ್ಟಿರಾಯ್ಡ್ ಕೊಡುತ್ತಾರೆ. ಕ್ರೆಮೊಫೋರ್ ಇಲ್ಲದ, ಅಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಕಣಗಳಲ್ಲಿ ಇದೇ ಔಷಧ ಇರುವ ಅಬ್ರಾಕ್ಸೇನ್ 2005ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ನನಗೆ ಕ್ಯಾನ್ಸರ್ ಕೋಶವೇ ಒಳಗೆ ಎಳೆದುಕೊಳ್ಳುವ ಕಣ ಬೇಕಿತ್ತು. ಅದಕ್ಕೆ ಫೋಲಿಕ್ ಆಮ್ಲ ಆರಿಸಿಕೊಂಡೆ. ಗರ್ಭಿಣಿಯರಿಗೆ ಮಾತ್ರೆ ಕೊಡುತ್ತಾರಲ್ವಾ, ಅದೇ ವಿಟಮಿನ್. ಫೋಲೇಟ್ ಅಂತಲೂ ಅನ್ನುತ್ತಾರೆ. ಕೆಲವು ಕ್ಯಾನ್ಸರ್ ಕೋಶಗಳ ಮೇಲೆ ಅದನ್ನು ಹಿಡಿಯುವ ಗ್ರಾಹಕಗಳು (ರಿಸೆಪ್ಟರ್) ಜಾಸ್ತಿ ಇರುತ್ತವೆ.

ಕಣ ಮಾಡುವುದು ಅಷ್ಟೇನೂ ಕಷ್ಟವಲ್ಲ. ಫೋಲೇಟ್ ಅಂಟಿಸಿದ, ಮೈಯಲ್ಲಿ ನಿಧಾನಕ್ಕೆ ಒಡೆದುಹೋಗುವ ಪಿಎಲ್‌ಜಿಎ ಪಾಲಿಮರ್ ಮತ್ತು ಔಷಧವನ್ನು ಅಸಿಟೋನಿನಲ್ಲಿ ಕರಗಿಸಿ, ಸ್ಟರರ್ ಮೇಲೆ ತಿರುಗುವ ನೀರಿಗೆ ಹನಿ ಹನಿಯಾಗಿ ಬಿಡುತ್ತೇನೆ. ನೀರಿನಲ್ಲಿ ಸ್ವಲ್ಪ ಪಾಲಿವಿನೈಲ್ ಆಲ್ಕೋಹಾಲ್ ಇರಬೇಕು, ಇಲ್ಲದಿದ್ದರೆ ಕಣಗಳು ಒಂದಕ್ಕೊಂದು ಅಂಟುತ್ತವೆ. ಗಾತ್ರ 100ರಿಂದ 200 ನ್ಯಾನೋಮೀಟರ್ ಒಳಗಿದ್ದರೆ ನನಗೆ ಸಮಾಧಾನ. ಮಳೆಗಾಲದಲ್ಲಿ ಮಾತ್ರ ಎಚ್ಚರ ಬೇಕು. ಜುಲೈನಲ್ಲಿ ನಮ್ಮೂರಿನ ಗಾಳಿಯೇ ಒದ್ದೆ. ಒಣಗಿಸಿದ ಪುಡಿ ತೇವ ಎಳೆದುಕೊಂಡರೆ ಪಿಎಲ್‌ಜಿಎ ಒಡೆಯತೊಡಗುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿಯ ತಣುಪು ಪೂರ್ತಿ ಹೋಗುವವರೆಗೆ ಮುಚ್ಚಳ ತೆಗೆಯಬೇಡಿ.

ನಿಜವಾದ ಕೆಲಸ ಆಮೇಲೆ. ಹೊಳೆಯುವ ಹಸಿರು ಬಣ್ಣ ತುಂಬಿದ ಕಣಗಳನ್ನು ಗರ್ಭಕಂಠ ಕ್ಯಾನ್ಸರಿನ ಹೀಲಾ ಕೋಶಗಳಿಗೆ ಹಾಕಿದರೆ ಮೈಕ್ರೋಸ್ಕೋಪಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಷ್ಟಕ್ಕೇ ಗುರಿ ಮುಟ್ಟಿತು ಅನ್ನಬಾರದು. ಕೋಶಗಳು ಯಾವ ಕಣವನ್ನಾದರೂ ಸ್ವಲ್ಪ ನುಂಗುತ್ತವೆ. ಅದಕ್ಕೇ ಫೋಲೇಟ್ ಇಲ್ಲದ ಕಣವನ್ನೂ ಅದೇ ದಿನ ಪಕ್ಕದಲ್ಲಿಟ್ಟು ನೋಡುತ್ತೇನೆ. ಇನ್ನೊಂದು ಪ್ಲೇಟಿಗೆ ಮೊದಲು ಬರೀ ಫೋಲಿಕ್ ಆಮ್ಲ ಹಾಕಿ, ಆಮೇಲೆ ಕಣ ಹಾಕುತ್ತೇನೆ. ಗ್ರಾಹಕಗಳು ಆಗಲೇ ತುಂಬಿರುವುದರಿಂದ ಹಸಿರು ಕಡಿಮೆಯಾಗಬೇಕು. ಆಗಲಿಲ್ಲವೆಂದರೆ ಕಣ ಬೇರೆ ದಾರಿಯಲ್ಲಿ ಒಳಹೋಗಿದೆ. ಮೀಡಿಯಾ, ಅಂದರೆ ಕೋಶಗಳನ್ನು ಬೆಳೆಸುವ ಪೋಷಕ ದ್ರವದ ವಿಷಯವೂ ಮುಖ್ಯ. ಸಾಮಾನ್ಯ ಆರ್‌ಪಿಎಂಐ ಮೀಡಿಯಾದಲ್ಲೇ ಲೀಟರಿಗೆ 1 ಮಿಲಿಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದರಲ್ಲಿ ಪರೀಕ್ಷಿಸಿದರೆ ಒಳ್ಳೆಯ ಕಣಕ್ಕೂ ಖಾಲಿ ಗ್ರಾಹಕ ಸಿಗುವುದು ಕಷ್ಟ. ಫೋಲೇಟ್ ಇಲ್ಲದ ಮೀಡಿಯಾ ತರಿಸಿಕೊಳ್ಳಿ.

ನಮ್ಮ ಓಣಿಯ ಅಕ್ಕ ಒಬ್ಬರು ಕೇಳಿದ್ದರು: "ಈ ಔಷಧ ನೇರ ಗಡ್ಡಿಗೇ ಹೋಗ್ತೈತೇನ್ರಿ?" ಇಲ್ಲ ಅಕ್ಕಾರ, ಅಂದೆ. ಫೋಲೇಟ್ ಇದ್ದರೂ ಕಣ ರಕ್ತದ ಜೊತೆ ಮೈಯೆಲ್ಲ ಸುತ್ತುತ್ತದೆ. ಗಡ್ಡೆಯ ಕೋಶ ಎದುರಾದಾಗಷ್ಟೇ ಅಂಟಿಕೊಳ್ಳುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದವರು 2016ರಲ್ಲಿ ಹಿಂದಿನ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಕೂಡಿಸಿ ನೋಡಿದರು. ಕೊಟ್ಟ ಕಣಗಳಲ್ಲಿ ಗಡ್ಡೆ ಸೇರಿದ್ದರ ಮಧ್ಯಾಂಕ ಬರೀ ಶೇ. 0.7. ಬಹುಪಾಲನ್ನು ಲಿವರ್ ಮತ್ತು ಗುಲ್ಮ ಹಿಡಿದಿಡುತ್ತವೆ. ಅದಕ್ಕೇ ಇಲಿಗಳಲ್ಲಿ ನೋಡುವಾಗ ಗಡ್ಡೆಯ ಜೊತೆ ಲಿವರಿನ ಲೆಕ್ಕವನ್ನೂ ಬರೆಯಿರಿ ಅಂತ ವಿದ್ಯಾರ್ಥಿಗಳ ಹತ್ತಿರ ಹಠ ಹಿಡಿಯುತ್ತೇನೆ.